ದೀಪ ಹಚ್ಚಿದ ಮೇಲೆ

ಆ ಶುಕ್ರವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಶಶಿರೇಖಾಳ ಬಾಯಿಂದ ‘ಪುಕ್ಕಟೆ’ ಎಂಬ ಮಾತು ಜಾರದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಬಾಗಲಗುಂಟೆಯ ಆ ಪುಟ್ಟ ಶಾಲೆಗೆ ಅವಳು ಕಂಪ್ಯೂಟರ್ ಟೀಚರು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ಲಿನಕ್ಸ್ ಎಂಬ ಸಾಫ್ಟ್‌ವೇರನ್ನು ತನ್ನ ಲ್ಯಾಬಿಗೆ ಹಾಕಿ ಮುಗಿಸಿದ್ದಳು. ಈಗ ಅದರದೊಂದು ಸೀಡಿಯನ್ನು ಗೆಳತಿ ದಿಲ್ಶಾದಳಿಗಾಗಿ ತೆಗೆದಿಟ್ಟಿದ್ದಳು. ದಿಲ್ಶಾದ್ ಕಲಿಸುವ ಚಿಕ್ಕಬಾಣಾವರದ ಶಾಲೆಯಲ್ಲಿ ಸಂಜೆ ಏಳಕ್ಕೆ ಕಮಿಟಿ ಮೀಟಿಂಗು. ಅಲ್ಲಿ ಇದನ್ನು ಓಡಿಸಿ ತೋರಿಸಿದರೆ ಸರಿ. ಇಲ್ಲದಿದ್ದರೆ ಕಂಪನಿಯ ಸಾಫ್ಟ್‌ವೇರ್ ಕೊಂಡು, ಬೇರೆ ಫೀಸು ಕಟ್ಟಿದ ಮಕ್ಕಳನ್ನಷ್ಟೇ ಲ್ಯಾಬಿಗೆ ಬಿಡುವುದೆಂದು ತೀರ್ಮಾನ.

“ಪುಕ್ಕಟೆನಾ?” ಗುಮಾಸ್ತ ರಘುನಾಥ್ ಕನ್ನಡಕ ಇಳಿಸಿದರು. “ಸೋಪಿನ ಜೊತೆ ಫ್ರೀ ಬಂದ ಬಾಚಣಿಗೆ ನೋಡಿದೀರಲ್ಲ ಮೇಡಂ? ತಲೇಲೇ ಹಲ್ಲು ಬಿಟ್ಟು ಬರುತ್ತೆ.”

“ನಮ್ಮ ಮಾರ್ಕ್ಸ್ ಎಲ್ಲಾ ಅದ್ರೊಳಗಿಂದ ಅಮೆರಿಕಾಗೆ ಹೋಗ್ಬಿಟ್ರೆ?” ಎಂದರು ಹಿಂದಿ ಟೀಚರ್ ದ್ರೌಪದಮ್ಮ.

“ಏಳನೇ ಕ್ಲಾಸಿನ ಹಿಂದಿ ಮಾರ್ಕ್ಸ್ ತಗೊಂಡು ಅವ್ರೇನ್ ಮಾಡ್ತಾರೆ ಮೇಡಂ?” ಎಂದಳು ಶಶಿರೇಖಾ.

“ನಗ್ತಾರೆ ಕಣ್ರೀ!”

ಮಧ್ಯಾಹ್ನದೊಳಗೆ ಮಾತೂ ಸೀಡಿಯೂ ಮಹಡಿ ಹತ್ತಿದವು. ಮೇಲಿದ್ದವರು ಅಧ್ಯಕ್ಷೆ ದೊಡ್ಡಮುನಿಯಮ್ಮ. ತಮ್ಮ ಮನೆಯ ಕೆಳಭಾಗವನ್ನೇ ಶಾಲೆಗೆ ಬಿಟ್ಟುಕೊಟ್ಟವರು. ಓಡಿಸಿ ತೋರಿಸಿದ ಮೇಲೇ ಸೀಡಿ ಆಚೆ ಹೋಗಬೇಕೆಂದು ಅಪ್ಪಣೆಯಾಯಿತು.

ನಾಲ್ಕಕ್ಕೆ ಅವರು ಇಳಿದು ಬಂದರು, ಕರೆಂಟು ಹೋಯಿತು. ಯುಪಿಎಸ್ಸು ಹಸಿದ ಕರುವಿನಂತೆ ಅರಚಿ ಸುಮ್ಮನಾಯಿತು. ದಿಲ್ಶಾದ್ ಗೇಟಿನಲ್ಲಿ ಸ್ಕೂಟಿ ನಿಲ್ಲಿಸಿಕೊಂಡು ವಾಚು ನೋಡುತ್ತಲೇ ಇದ್ದಳು. ಕರೆಂಟು ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.

ಪರದೆ ಬೆಳಗಿದ್ದನ್ನು ನೋಡಿ ದೊಡ್ಡಮುನಿಯಮ್ಮ ಕೇಳಿದರು: “ಸುಮ್ಕೆ ತಗಳಾದು, ಸುಮ್ಕೆ ಕೊಡಾದು. ಇದ್ಯಾವ ಯಾಪಾರ ಟೀಚರಮ್ಮ?”

ಶಶಿರೇಖಾ ಚಿಕ್ಕಂದಿನಿಂದ ಮನೆಯಲ್ಲಿ ತನ್ನ ಅಜ್ಜಿಯ ಕತೆ ಕೇಳಿ ಬೆಳೆದವಳು. ಹೇಳಬೇಕಾದದ್ದು ಅವಳಿಗೆ ಅಡುಗೆಮನೆಯಲ್ಲೇ ಸಿಕ್ಕಿತು. “ಪಕ್ಕದ್ಮನೆಯೋರು ಹೆಪ್ಪು ಕೇಳಿದ್ರೆ ಏನ್ ಮಾಡ್ತೀರಾ ಅಜ್ಜಿ?”

“ಒಂದ್ ಚಮಚ ಮೊಸರು ಕೊಡ್ತೀನಿ. ಅದುಕ್ಕೇನು?”

“ನಿಮ್ಮ ಗಡಿಗೆ ಹಂಗೇ ಇರುತ್ತೆ, ಅವ್ರದೂ ತುಂಬುತ್ತೆ. ನಿಮ್ದು ಕೆಟ್ಟ ದಿನ ಅವ್ರ ಹತ್ರಾನೇ ಇಸ್ಕೊಂಡು ಬರ್ತೀರಾ. ಇದೂ ಹಂಗೇ, ಹೆಪ್ಪು. ಎಲ್ಲೋ ಯಾರೋ ಮೊದಲು ಹಾಕಿದ್ರು, ಮನೆಯಿಂದ ಮನೆಗೆ ಬಂತು.”

ಮುದುಕಿಯ ಮುಖ ಅರಳಿತು. “ಅಯ್ಯೋ, ಇಷ್ಟೇನಾ! ಇದುಕ್ಕಾ ಬೆಳಗಿಂದ ಇಂಗೆ ಬಾಯ್ ಬಡ್ಕಂತಿದ್ರಿ? ತಡಿ, ಸೀಡಿ ತತ್ತೀನಿ.”

ಅವರು ಮಹಡಿ ಹತ್ತಿದರು. ಮೇಲೆ ಪೂಜೆಯ ಗಂಟೆ ಬಾರಿಸಿದ ಸದ್ದಾಯಿತು. ಇಳಿದಾಗ ಕೈ ಬರಿದಾಗಿತ್ತು.

“ಸೊಸೆ ದೀಪ ಹಚ್ಬುಟ್ಟವಳೆ. ಶುಕ್ರವಾರ ಬೇರೆ. ಈ ಒತ್ನಲ್ಲಿ ಮನೆಯಿಂದ ಹೆಪ್ಪು ಆಚೆ ಕೊಟ್ರೆ ಲಕ್ಷ್ಮಿ ಒಂಟೋಯ್ತಾಳೆ ಕಣವ್ವ.”

“ಅಜ್ಜಿ, ಅದು ಸೀಡಿ!”

“ಹೆಪ್ಪು ಅಂದೋಳು ನೀನೇ ತಾನೆ? ಬೆಳಗ್ಗೆ ಬರಾಕೇಳು, ಕೈ ತುಂಬ ಕೊಡ್ತೀನಿ.”

ಇನ್ನೊಂದು ಸೀಡಿಗೆ ನಕಲು ಮಾಡೋಣವೆಂದು ಶಶಿರೇಖಾ ಲ್ಯಾಬಿನತ್ತ ತಿರುಗಿದಳು. “ಒಳಗಿರೋದೂ ಹೆಪ್ಪೇ ಅಲ್ವಾ ಮೇಡಂ?” ಎನ್ನುತ್ತ ರಘುನಾಥ್ ಆಗಲೇ ಬೀಗ ಜಡಿಯುತ್ತಿದ್ದರು.

ದಿಲ್ಶಾದ್ ಬರಿಗೈಲಿ ಹೋದಳು. ಶಶಿರೇಖಾ ಮನೆ ಮುಟ್ಟುವಷ್ಟರಲ್ಲಿ ಮೊಬೈಲಿಗೆ ಸಂದೇಶ ಬಂತು: ಕಂಪನಿಗೆ ಆರ್ಡರ್ ಕೊಟ್ಟಾಯಿತು.

ಎಂಥ ಜನ, ಎಂಥ ನಂಬಿಕೆ ಎಂದು ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತ ಅವಳು ಹೊಸಿಲು ದಾಟುತ್ತಿದ್ದಳು. ಪಕ್ಕದ ಮನೆ ಗೋಪಾಲಮ್ಮ ಸ್ಟೀಲ್ ಬಟ್ಟಲು ಹಿಡಿದು ಬಂದರು.

“ಶಶಿ, ಒಂಚೂರು ಹೆಪ್ಪು ಇದ್ರೆ ಕೊಡಮ್ಮ.”

ಒಳಗೆ ದೇವರ ಮುಂದೆ ಅವಳ ಅಜ್ಜಿ ಹಚ್ಚಿದ ದೀಪ ಉರಿಯುತ್ತಿತ್ತು.

“ಬೆಳಿಗ್ಗೆ ಬನ್ನಿ ಆಂಟಿ,” ಎಂದಿತು ಶಶಿರೇಖಾಳ ಬಾಯಿ, ಅವಳನ್ನು ಒಂದು ಮಾತೂ ಕೇಳದೆ.

“ಹಂಗ್ ಹೇಳು ಮತ್ತೆ!” ಒಳಗಿನಿಂದ ಅಜ್ಜಿ ಮೆಚ್ಚಿಕೊಂಡಳು.