ನನ್ನ ಹೆಸರಿನ ಮುಂದೆ ಸೊನ್ನೆ

ಆಟ ಆಡಿದವರ ಫಜೀತಿ ಆಟ ಮುಗಿದ ಕೂಡಲೇ ಮುಗಿಯುತ್ತದೆ. ಅಂಕಿ ಬರೆಯುವವನ ಫಜೀತಿ ಶುರುವಾಗುವುದೇ ಆಮೇಲೆ. ಎಪ್ಪತ್ತರ ದಶಕದಲ್ಲಿ ಹುಮನಾಬಾದಿನ ನಮ್ಮ ಬಾಸ್ಕೆಟ್‌ಬಾಲ್ ತಂಡಕ್ಕೆ ನಾನು ಅಂಕಿ ಬರೆಯುತ್ತಿದ್ದೆ. ಹಗಲು ಕಚೇರಿಯಲ್ಲಿ ಗುಮಾಸ್ತ, ಸಂಜೆ ಮೈದಾನದಲ್ಲೂ ಗುಮಾಸ್ತ. ನಮ್ಮ ಕಚೇರಿಯ ಸರ್ವೇಯರ್ ಮಾತ್ರ ಸಂಜೆಯಾದರೆ ತಂಡದ ಹೀರೋ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈಗ ಹಲ್ಲು ಬಿದ್ದ ಮೇಲೆ ಮುಚ್ಚಿಡುವುದೇನು?

ಚಂದದ ಅಕ್ಷರ

ಮೊದಲು ನಾನೂ ಆಡುವವನೇ. ಒಂದು ದಿನ ಚೆಂಡು ಹಿಡಿದು ಓಡಿದೆ, ಜಿಗಿದೆ, ಎಸೆದೆ. ಚೆಂಡು ಬುಟ್ಟಿಯ ಹತ್ತಿರವೂ ಸುಳಿಯದೆ, ಗೋಡೆ ಹಾರಿ, ಆಚೆ ಕಟ್ಟಿದ್ದ ಎಮ್ಮೆಯ ಬೆನ್ನಿಗೆ ಬಿತ್ತು. ತಂಡ ಕಟ್ಟಿದ ಡ್ರಿಲ್ ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದರು.

"ನಿಮ್ಮ ಅಕ್ಷರ ಭಾಳ ಚಂದ ಅವ ನೋಡ್ರಿ."

"ಹೌದ್ರಿ, ಕಚೇರ್ಯಾಗ ಎಲ್ಲಾರೂ ಅದೇ ಅಂತಾರ."

"ಮತ್ತ ಇಂಥ ಅಕ್ಷರ ಇಟ್ಕೊಂಡು ಯಾಕ ಆಡಾಕತ್ತೀರಿ?"

ಅಂದಿನಿಂದ ನನಗೆ ಒಂದು ಮೇಜು, ಒಂದು ಕುರ್ಚಿ, ಒಂದು ದಪ್ಪ ಪುಸ್ತಕ. ನಾನು ಬಿಟ್ಟ ಜಾಗಕ್ಕೆ ಸರ್ವೇಯರ್ ಬಂದ. ಅವನು ಜಿಗಿಯುವುದೇ ಬೇಡ, ಕೈ ಎತ್ತಿದರೆ ಸಾಕಿತ್ತು.

ಎರಡು ಪ್ಯಾಂಟಿನ ಬಟ್ಟೆ

ನನ್ನ ಹೆಂಡತಿಯ ತವರು ಬಸವಕಲ್ಯಾಣ. ಮಾವನವರದು ಅಲ್ಲಿ ಬಟ್ಟೆ ಅಂಗಡಿ. ಯಾರನ್ನೇ ನೋಡಲಿ, ಮೊದಲು ಕಣ್ಣಲ್ಲೇ ಅಳತೆ ತೆಗೆಯುವ ಮನುಷ್ಯ. ಊರಿನವರಿಗೆಲ್ಲ ಧಾರಾಳವಾಗಿ ಶಾಬಾಸ್ ಹಂಚುತ್ತಿದ್ದರು, ಅಳಿಯನೊಬ್ಬನನ್ನು ಬಿಟ್ಟು. ಮದುವೆಯಾಗಿ ಮೂರು ವರ್ಷ ಆಗಿತ್ತು, ಅವರ ಬಾಯಿಂದ ಒಂದು ಶಾಬಾಸ್ ಕೇಳಬೇಕೆಂಬುದೇ ನನ್ನ ಆಸೆ.

ಒಮ್ಮೆ ಆಟ ನೋಡಲು ಹುಮನಾಬಾದಿಗೆ ಬಂದರು. ನಾನು ಪುಸ್ತಕ ಬಿಚ್ಚಿ ಗೆರೆ, ಖಾನೆ, ಕೆಂಪು ಶಾಯಿ ಎಲ್ಲ ತೋರಿಸಿದೆ. ಅವರ ಕಣ್ಣು ಮೈದಾನ ಬಿಟ್ಟು ಕದಲಲಿಲ್ಲ.

"ಆ ಉದ್ದನ ಮನುಷ್ಯಾ ಯಾರ್ರಿ?"

"ನಮ್ಮ ಕಚೇರಿ ಸರ್ವೇಯರ್ರಿ ಮಾಮಾ. ಪುಸ್ತಕ ನೋಡ್ರಿ, ಎಲ್ಲಾ ನಾನೇ ಬರ್ದೀನಿ."

"ವಾರೆವ್ಹಾ! ಅವರದೊಂದು ಪ್ಯಾಂಟಿನ ಬಟ್ಟ್ಯಾಗ ನಿಮ್ಮವು ಎರಡು ಆಗ್ತಾವ ನೋಡ್ರಿ!"

ಆಟ ಮುಗಿದ ಮೇಲೆ ಸರ್ವೇಯರನ ಬೆನ್ನು ತಟ್ಟಿ ಶಾಬಾಸ್ ಎಂದರು. ನನ್ನನ್ನು ಕರೆದದ್ದು ಅವನಿಗೆ ಚಹಾ ತರಿಸಲಿಕ್ಕೆ.

ಹೊಸ ಖಾನೆ

ಹೊಟ್ಟೆ ಉರಿದು ಹೋಯಿತು. ಮುಂದಿನ ಆಟದಲ್ಲಿ ಪುಸ್ತಕಕ್ಕೆ ಒಂದು ಹೊಸ ಖಾನೆ ಹಾಕಿದೆ: ತಪ್ಪಿದ ಹೊಡೆತ. ಸರ್ವೇಯರ್ ಎಸೆದು ಬುಟ್ಟಿಗೆ ಬೀಳದ ಒಂದೊಂದಕ್ಕೂ ಕೆಂಪು ಶಾಯಿಯಲ್ಲಿ ಒಂದು ಗೆರೆ. ಉಳಿದವರ ತಪ್ಪು ನನಗೆ ಕಾಣಲೇ ಇಲ್ಲ, ನಾನು ನೋಡಲೂ ಇಲ್ಲ. ಆಟ ಮುಗಿದಾಗ ಅವನ ಹೆಸರಿನ ಮುಂದೆ ಕೆಂಪು ಬೇಲಿಯೇ ಎದ್ದಿತ್ತು. ಖುಷಿಯಿಂದ ಡ್ರಿಲ್ ಮಾಸ್ತರಿಗೆ ತೋರಿಸಿದೆ.

ಮಾಸ್ತರು ಒಂದೊಂದೇ ಗೆರೆ ಎಣಿಸಿದರು. ಆಮೇಲೆ ತಂಡವನ್ನೆಲ್ಲ ಸಾಲಾಗಿ ನಿಲ್ಲಿಸಿ ಗುಡುಗಿದರು:

"ನಾಚಿಕಿ ಬರಂಗಿಲ್ಲೇನು ನಿಮಗ? ಇಷ್ಟು ಸಲ ಹೊಡ್ಯಾಕ ಧೈರ್ಯಾ ಮಾಡಿದಾಂವ ಇವನೊಬ್ಬನೇ! ಉಳಿದವರು ಒಂದು ಸಲನೂ ಪ್ರಯತ್ನ ಮಾಡಿಲ್ಲ. ಇವತ್ತಿನಿಂದ ಇವನೇ ಕ್ಯಾಪ್ಟನ್."

ಸರ್ವೇಯರ್ ನೇರ ನನ್ನ ಬಳಿ ಬಂದು ಎರಡೂ ಕೈ ಹಿಡಿದುಕೊಂಡ. "ನಿಮ್ಮ ಉಪಕಾರ ಮರೆಯಾಂಗಿಲ್ರಿ" ಎಂದ.

ಪಾಂಚ್ ಫೂಲ್

ಬಸವಕಲ್ಯಾಣದಲ್ಲಿ ಆಟವಿತ್ತು. ಮುಂದಿನ ಸಾಲಿನಲ್ಲಿ ಮಾವನವರು. ನಾನು ದೇವರಲ್ಲಿ ಒಂದೇ ಬೇಡಿದೆ: ಇವತ್ತು ಸರ್ವೇಯರ್ ಇವರ ಕಣ್ಣೆದುರೇ ಮುಖಭಂಗವಾಗಿ ಹೊರಬೀಳಲಿ.

ದೇವರು ಕೇಳಿಸಿಕೊಂಡ. ಈ ಆಟದಲ್ಲಿ ಎದುರಾಳಿಯನ್ನು ತಳ್ಳಿದರೆ, ಕೈಗೆ ಹೊಡೆದರೆ ಅದು ಫೌಲ್. ಒಬ್ಬನೇ ಐದು ಸಲ ಮಾಡಿದರೆ ಆಟದಿಂದ ಹೊರಗೆ. ಸರ್ವೇಯರನ ಉದ್ದನೆಯ ಕೈಗಳು ಅಂದು ಎಲ್ಲರಿಗೂ ತಾಗುತ್ತಿದ್ದವು. ಐದನೆಯ ಸಲ ಸೀಟಿ ಊದಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಚೀಟಿಯಲ್ಲಿ ದಪ್ಪಗೆ "ಸರ್ವೇಯರ್, ಐದು ಫೌಲ್" ಎಂದು ಬರೆದು ಮೈಕಿನ ಮುಂದಿದ್ದ ಅತ್ತರ್ ಅಂಗಡಿಯ ಹಿರಿಯರಿಗೆ ಕೊಟ್ಟೆ. ಅವರ ಮನೆಮಾತು ಉರ್ದು. ಕನ್ನಡ ಮಾತು ಬರುತ್ತಿತ್ತು, ಓದಲು ಅಷ್ಟಕ್ಕಷ್ಟೆ. ಕೂಡಿಸಿ ಕೂಡಿಸಿ ಓದಿ, ಗಂಟಲು ಸರಿಮಾಡಿಕೊಂಡು ಕೂಗಿದರು:

"ಸರ್ವೇಯರ್ ಸಾಬ್ ಕೋ ಪಾಂಚ್ ಫೂಲ್!"

ನನ್ನ ಫೌಲ್ ಅವರ ಬಾಯಲ್ಲಿ ಫೂಲ್ ಆಗಿತ್ತು. ಉರ್ದುವಿನ ಫೂಲ್ ಎಂದರೆ ಹೂವು ಎಂದು ಆ ಊರಿನ ಕೂಸಿಗೂ ಗೊತ್ತು. ಸರ್ವೇಯರ್ ತಲೆ ತಗ್ಗಿಸಿ ಹೊರಗೆ ಬರುತ್ತಿದ್ದ. ಸನ್ಮಾನಕ್ಕೇ ಕರೆದಿದ್ದಾರೆ ಎಂದು ಜನ ಚಪ್ಪಾಳೆ ಹೊಡೆದರು. ಮಾವನವರು ಧೋತರ ಎತ್ತಿಕೊಂಡು ಗೇಟಿನ ಹೂವಿನ ಬುಟ್ಟಿಯವಳ ಹತ್ತಿರ ಓಡಿ, ಐದು ಗುಲಾಬಿ ತಂದು, ಒಂದೊಂದಾಗಿ ಎಣಿಸಿ ಅವನ ಕೈಗಿಟ್ಟರು. ಆ ಪಾಪಿ ಕೈಮುಗಿದು ತೆಗೆದುಕೊಂಡ.

ಅಷ್ಟಕ್ಕೇ ಮುಗಿಯಲಿಲ್ಲ. ಬಸವಕಲ್ಯಾಣದವರು ನನ್ನ ಮೇಜಿಗೆ ಮುತ್ತಿದರು.

"ನಮ್ಮವರಿಗೆ ಎಷ್ಟು ಅವ ಹೇಳ್ರಿ!"

"ಯಾರಿಗೂ ಎರಡರ ಮ್ಯಾಲ ಇಲ್ರಿ."

"ಹುಮನಾಬಾದ್‌ನವರಿಗೆ ಐದು, ನಮಗ ಎರಡು? ಇದ್ಯಾವ ನ್ಯಾಯ? ಬರೀರಿ, ನಮಗೂ ಐದೈದು ಬರೀರಿ!"

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಗದ್ದಲ ಇಳಿದ ಮೇಲೆ ಮಾವನವರು ಮೆಲ್ಲಗೆ ಬಂದು ಪುಸ್ತಕ ನೋಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ನೋಡಿದರು.

"ಅಳಿಯಂದ್ರ, ನಿಮಗ ಎಷ್ಟು ಅವ ಹೇಳ್ರಿ?"

"ನನಗ ಒಂದೂ ಇಲ್ರಿ ಮಾಮಾ. ಸೊನ್ನಿ."

ಅವರ ಮುಖ ಸಣ್ಣದಾಯಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕಿವಿಯ ಹತ್ತಿರ ಬಗ್ಗಿದರು.

"ಪುಸ್ತಕಾ ನಿಮ್ಮ ಕೈಯಾಗೇ ಅದ. ಒಂದಾದ್ರೂ ಬರ್ಕೋಬೇಕಿಲ್ಲೇನ್ರಿ?"

ಹೂವಲ್ಲ, ತಪ್ಪು ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಮುಚ್ಚಿದೆ. ಮೂರು ವರ್ಷದ ಆಸೆ ನೆನಪಾಯಿತು. ಕೊನೆಯ ಸಾಲಿನಲ್ಲಿ ನನ್ನ ಹೆಸರು ಬರೆದು, ಮುಂದೆ ನನ್ನ ಚಂದದ ಅಕ್ಷರದಲ್ಲಿ "ಒಂದು ಫೌಲ್" ಎಂದು ಬರೆದೆ. ಅಷ್ಟು ದಿನ ನಾನು ಮಾಡಿದ್ದನ್ನು ನೆನೆದರೆ ಅದರಲ್ಲಿ ಸುಳ್ಳೂ ಇರಲಿಲ್ಲ.

ಮಾವನವರು ನನ್ನ ಬೆನ್ನು ತಟ್ಟಿದರು.

"ಶಾಬಾಸ್!"