ಲೋಕದ ಪೇಟೆಗಳೂ ನಮ್ಮತ್ತೆಯ ಚಪ್ಪಲಿಯೂ

ಸಂಜೆಯಾದರೆ ಕೆಲವರಿಗೆ ಸೀರಿಯಲ್ ಹುಚ್ಚು, ಕೆಲವರಿಗೆ ಮೊಬೈಲ್ ಹುಚ್ಚು. ನನಗೆ ಪೇಟೆ ಹುಚ್ಚು. ಪೇಟೆಗೆ ಹೋಗುವ ಹುಚ್ಚಲ್ಲ ಮತ್ತೆ, ನೋಡುವ ಹುಚ್ಚು. ಯಾರೋ ಪುಣ್ಯಾತ್ಮರು ಕ್ಯಾಮೆರಾ ಹಿಡಿದುಕೊಂಡು ದೊಡ್ಡ ದೊಡ್ಡ ಊರುಗಳ ನಟ್ಟನಡುವಿನ ಬೀದಿಗಳಲ್ಲಿ ತುಟಿಪಿಟಕ್ಕೆನ್ನದೆ ಗಂಟೆಗಟ್ಟಲೆ ನಡೆಯುತ್ತಾರೆ. ಅದನ್ನು ಟಿವಿಗೆ ಹಾಕಿಕೊಂಡು, ಸೋಫಾದ ಎಡತುದಿಯಲ್ಲಿ ಕಾಲು ಚಾಚಿ ಕೂತು, ಅವರ ಹಿಂದೆ ನಾನೂ ನಡೆಯುತ್ತೇನೆ. ಅವರೆಲ್ಲ ಡೌನ್‌ಟೌನ್ ಎನ್ನುವುದು ನಾವು ಪೇಟೆ ಎನ್ನುವುದನ್ನೇ. ಹೀಗೆ ನಾನು ನೋಡದ ಪೇಟೆಯಿಲ್ಲ. ಟೋಕಿಯೋದಲ್ಲಿ ಯಾವ ಮೂಲೆಯಲ್ಲಿ ತಿರುಗಿದರೆ ನೂಡಲ್ಸ್ ಅಂಗಡಿ ಸಿಗುತ್ತದೆ, ಲಂಡನ್ನಿನಲ್ಲಿ ಯಾವ ಗಲ್ಲಿ ಹಿಡಿದರೆ ನದಿ ದಂಡೆ ಬೇಗ ಬರುತ್ತದೆ, ಎಲ್ಲ ನನ್ನ ನಾಲಿಗೆ ತುದಿಯಲ್ಲಿದೆ. ಸ್ಟಾಫ್ ರೂಮಿನಲ್ಲಿ ಯಾವ ಮಾತು ಬಂದರೂ ಪ್ಯಾರಿಸ್ಸನ್ನು ಎಳೆದು ತರುತ್ತೇನೆಂದು ಸಹೋದ್ಯೋಗಿಗಳು ನನ್ನ ಮುಂದೆ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಾರೆ.

ನಾನಿರುವುದು ಅರಸೀಕೆರೆಯಲ್ಲಿ, ಪಾಠ ಮಾಡುವುದು ಹಳೇಬೀಡಿನ ಹೈಸ್ಕೂಲಿನಲ್ಲಿ, ಸಮಾಜ ವಿಜ್ಞಾನ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಬಸ್ಸು ಇಳಿಯುವುದು. ಒಂದು ಸಲ ಹಳೇಬೀಡಿನ ದೇವಸ್ಥಾನದ ಮುಂದೆ ವಿದೇಶಿ ಹೆಂಗಸೊಬ್ಬರು, “ಇಲ್ಲಿ ಡೌನ್‌ಟೌನ್ ಎಲ್ಲಿದೆ?” ಎಂದು ಕೇಳಿದರು. ಕೇಳಿದ್ದು ಯಾರನ್ನು! ನೀವು ಏಳೆಂಟುನೂರು ವರ್ಷ ತಡವಾಗಿ ಬಂದಿರಿ ತಾಯಿ, ಆಗ ಇದು ರಾಜಧಾನಿ, ನೀವು ನಿಂತ ಜಾಗದಲ್ಲೇ ಮುತ್ತು ರತ್ನ ಮಾರುತ್ತಿದ್ದಿರಬೇಕು, ಈಗ ಅಲ್ಲಿ ಆ ಮೇಕೆ ಮೇಯುತ್ತಿದೆ ಎಂದು ನಿಂತ ನಿಲುವಿನಲ್ಲೇ ಒಂದು ಪೀರಿಯಡ್ ಪಾಠ ಮಾಡಿದೆ. ಪಾಪ, ಅವರಿಗೆ ಬೇಕಾಗಿದ್ದದ್ದು ಒಂದು ನೀರಿನ ಬಾಟಲಿ. ಅದು ಗೊತ್ತಾಗುವಷ್ಟರಲ್ಲಿ ನನ್ನ ಬಸ್ಸು ಹೊರಟುಹೋಗಿತ್ತು.

ನನ್ನ ಲೋಕಸಂಚಾರಕ್ಕೆ ಎಂಟು ತಿಂಗಳ ಹಿಂದೆ ಒಬ್ಬ ಜೊತೆಗಾರ್ತಿ ಸಿಕ್ಕಿದರು. ನಮ್ಮತ್ತೆ. ಅವರ ತವರು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ. ಚಿಕ್ಕಂದಿನಲ್ಲಿ ಅವರಿಗೆ ಬೇಲೂರೇ ಲಂಡನ್ನು. ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ ಇಲ್ಲಿಯ ಪೇಟೆಗೆ ದಿನಾ ಒಂದು ಸುತ್ತು ಹಾಕದಿದ್ದರೆ ಉಂಡ ಅನ್ನ ಕರಗುತ್ತಿರಲಿಲ್ಲ. ಮೊಣಕಾಲು ಚಿಪ್ಪಿನ ಆಪರೇಷನ್ ಆದಮೇಲೆ ಆ ಸುತ್ತು ನಿಂತಿತು. ಡಾಕ್ಟರು ನಡೆಯಿರಿ ಎಂದರು. ಪೇಟೆಯಲ್ಲಿ ಯಾರಾದರೂ ಗುದ್ದಿದರೆ ಏನು ಗತಿ ಎಂದು ನಾನು ಮತ್ತು ನಮ್ಮ ಯಜಮಾನರು ಸೇರಿ, ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ನಡೆಯುವಂತೆ ತೀರ್ಮಾನ ಮಾಡಿದೆವು. ಬೇಜಾರಾಗದಿರಲಿ ಎಂದು ನಾನು ಲೋಕದ ಪೇಟೆಗಳನ್ನೆಲ್ಲ ಅವರ ಮುಂದೆ ಹರವಿದೆ.

ಹರವಿದ್ದೇ ತಪ್ಪಾಯಿತು. ನ್ಯೂಯಾರ್ಕಿನ ಬೀದಿ ನೋಡಿ ಅವರು ಕೇಳಿದ ಮೊದಲ ಮಾತು, “ಹಾಡು ಹಗಲಲ್ಲಿ ಇಷ್ಟೊಂದು ಲೈಟು ಉರುಸ್ತಾವ್ರಲ್ಲ, ಆರ್ಸೋರು ಯಾರೂ ಗತಿ ಇಲ್ವಾ?” ಲಂಡನ್ನಿನಲ್ಲಿ, “ಎಲ್ರೂ ಬಸ್ಸು ತಪ್ಪಿಸ್ಕೊಂಡೋರಂಗೆ ಓಡ್ತಾವ್ರೆ.” ಪ್ಯಾರಿಸ್ಸಿನಲ್ಲಿ ಜನ ರಸ್ತೆಗೇ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವುದು ಸ್ವಲ್ಪ ಮೆಚ್ಚಿಗೆಯಾಯಿತು. ಆದರೆ, “ಅದ್ಯಾಕವ್ವ ಗಂಡ ಹೆಂಡ್ತಿ ಇಬ್ರೂ ರಸ್ತೆ ಕಡೀಕೇ ಮುಖ ಮಾಡ್ಕಂಡವ್ರೆ, ಜಗಳ ಆಡಿದ್ರಾ?” ಎಂದರು. ಟೋಕಿಯೋದ ದೊಡ್ಡ ಸರ್ಕಲ್ಲಿನಲ್ಲಿ ಸಿಗ್ನಲ್ ಬಿಟ್ಟೊಡನೆ ಸಾವಿರಾರು ಜನ ನಾಲ್ಕೂ ದಿಕ್ಕಿನಿಂದ ದಾಟುತ್ತಾರೆ, ಒಬ್ಬರ ಭುಜ ಇನ್ನೊಬ್ಬರಿಗೆ ತಾಗುವುದಿಲ್ಲ. ಅದು ನನಗೆ ಪ್ರಾಣ. “ನೋಡಿ ಅತ್ತೆ, ಏನು ಶಿಸ್ತು!” ಎಂದೆ. “ಇದೆಂಥ ಪ್ಯಾಟೆನೇ? ಗುದ್ದಿದ್ರೆ ತಾನೆ ಮಾತು ಶುರುವಾಗೋದು?” ಎಂದು ಅವರು ತಲೆ ಕೊಡವಿದರು. ಇಸ್ತಾಂಬುಲ್ ಒಂದೇ ಪಾಸಾಗಿದ್ದು. ಅಲ್ಲಿ ಅಂಗಡಿಯವನು ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ಟೀ ಕೊಟ್ಟ. ಅತ್ತೆ ಗಂಭೀರವಾಗಿ, “ಇವನ ತಾವ ಯಾಪಾರ ಮಾಡ್ಬೋದು” ಎಂದರು.

ಆದರೆ ಎಲ್ಲ ಊರಿಗೂ ಅವರು ತಪ್ಪದೆ ಕೇಳುವ ಪ್ರಶ್ನೆ ಒಂದಿತ್ತು. “ಇಷ್ಟು ಜನ ನಡೀತಾವ್ರಲ್ಲ, ಚಪ್ಲಿ ಹೊಲಿಯೋರು ಎಲ್ಲಿ ಕೂತವ್ರೆ?” ನಾನು ಸ್ಕ್ರೀನಿನ ಮೂಲೆ ಮೂಲೆ ಹುಡುಕಿದೆ. ಸಿಂಗಾಪುರದಲ್ಲಿ ಕಾಣಲಿಲ್ಲ, ದುಬೈಯಲ್ಲಿ ಕಾಣಲಿಲ್ಲ. “ಅಲ್ಲೆಲ್ಲ ಕಿತ್ತುಹೋದರೆ ಎಸೆಯುತ್ತಾರೆ ಅತ್ತೆ” ಎಂದೆ. “ಎಸೀತಾರಾ? ಹಂಗಾದ್ರೆ ಅವ್ರಿಗೆ ನಾಳೆ ಬತ್ತೀನಿ ಅಂತ ಹೇಳಾಕೆ ಯಾರೂ ಇಲ್ಲ ಅನ್ನು” ಎಂದು ಅತ್ತೆ ಟಿವಿಯ ಕಡೆ ಕನಿಕರದಿಂದ ನೋಡಿದರು. ಆಗಲೇ ನನಗೆ ಹೊಳೆಯಬೇಕಿತ್ತು. ಟ್ಯೂಬ್‌ಲೈಟು ನಾನು.

ವಿಷಯ ಇಷ್ಟೇ. ಆಪರೇಷನ್ನಿನ ಹಿಂದಿನ ವಾರ ಅತ್ತೆ ತಮ್ಮ ಚಪ್ಪಲಿಯನ್ನು ಪೇಟೆಯ ಮೂಲೆಯಲ್ಲಿ ಕೂರುವ ನಿಂಗಣ್ಣನ ಹತ್ತಿರ ಹೊಲಿಯಲು ಕೊಟ್ಟು, “ನಾಳೆ ಬತ್ತೀನಿ” ಎಂದು ಹೇಳಿ ಬಂದಿದ್ದರು. ಬೆಳಗಾಗುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು, ಆ ನಾಳೆ ಎಂಟು ತಿಂಗಳಾದರೂ ಬಂದಿರಲಿಲ್ಲ. ದಿನಕ್ಕೊಂದು ಸಲ ನೆನಪಿಸುತ್ತಿದ್ದರು. ಕೊನೆಗೆ ನಾನು ಆನ್‌ಲೈನಿನಲ್ಲಿ ಹತ್ತಿಯಂಥ ಮೆತ್ತನೆಯ ಹೊಸ ಜೊತೆ ತರಿಸಿದೆ. ಅತ್ತೆ ಒಂದು ದಿನ ಮೆಟ್ಟಿ ನೋಡಿ, “ನಡ್ದಂಗೇ ಅನ್ಸಾಕಿಲ್ಲ ಕಣೆ. ಅಲ್ದೆ ಅವ್ನಿಗೆ ಮಾತು ಕೊಟ್ಟಿದೀನಿ” ಎಂದು ಬಿಚ್ಚಿಟ್ಟರು. ಅಂದು ಸಂಜೆ ಟಿವಿ ಮುಂದೆ ಕೂರಲಿಲ್ಲ. ರಾತ್ರಿ ಊಟಕ್ಕೂ ಅರ್ಧ ಮುದ್ದೆ ಸಾಕೆಂದರು. ಅತ್ತೆ ಮುದ್ದೆ ಅರ್ಧ ಬಿಟ್ಟರೆಂದರೆ ನಮ್ಮ ಮನೆಯಲ್ಲಿ ಅದು ಭಾರೀ ಸುದ್ದಿ. ನನಗೆ ನಿಜವಾಗಿಯೂ ಕಸಿವಿಸಿಯಾಯಿತು.

ಆಯಿತು, ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ನಾನೇ ತರುತ್ತೇನೆ ಎಂದೆ. ಲೋಕ ಸುತ್ತಿದವಳಿಗೆ ಅರಸೀಕೆರೆ ಪೇಟೆ ಯಾವ ಲೆಕ್ಕ? ಅತ್ತೆ ದಾರಿ ಹೇಳಿದರು. “ಹಳೇ ಟಾಕೀಸು ದಾಟು. ಬೇವಿನ ಮರ ಸಿಗ್ತದೆ. ಅಲ್ಲಿಂದ ಸೀಮೆಎಣ್ಣೆ ಅಂಗ್ಡಿ ಕಡೀಕೆ ತಿರುಕ್ಕೊ, ಮೂಲೇಲೇ ಅವ್ನೆ.” ಶನಿವಾರ ಮಧ್ಯಾಹ್ನ ಪೇಟೆಯಲ್ಲಿ ನಿಂತು ನೋಡುತ್ತೇನೆ, ಟಾಕೀಸು ಕಲ್ಯಾಣ ಮಂಟಪವಾಗಿ ಯಾವುದೋ ಕಾಲವಾಗಿದೆ. ಬೇವಿನ ಮರದ ಬುಡವೂ ಉಳಿದಿಲ್ಲ. ಸೀಮೆಎಣ್ಣೆಯನ್ನಂತೂ ಈಗಿನ ಮಕ್ಕಳು ಕಣ್ಣಿಂದ ಕಂಡಿಲ್ಲ. ಮೊಬೈಲ್ ಮ್ಯಾಪಿಗೆ ಕೇಳಿದರೆ ಅದು ನನ್ನನ್ನು ನೇರ ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋಯಿತು. ವಾಪಸ್ಸು ಬಂದು ಕೊಬ್ಬರಿ ಮಂಡಿಯ ಮುಂದೆ ನಿಂತವರೊಬ್ಬರನ್ನು ನಾಚಿಕೆ ಬಿಟ್ಟು ಕೇಳಿದೆ. ಅವರು, “ನಿಂಗಣ್ಣನಾ? ಅದೇ ಕಣಮ್ಮ, ಬೇವಿನ ಮರದ ಕೆಳಗೆ” ಎಂದು ಬರಿಯ ಆಕಾಶದ ಕಡೆ ಕೈ ತೋರಿಸಿದರು. ಈ ಊರಿನವರಿಗೆಲ್ಲ ಆ ಮರ ಇನ್ನೂ ಕಾಣುತ್ತದೆ, ನನ್ನೊಬ್ಬಳಿಗೆ ಕಾಣುವುದಿಲ್ಲ.

ಅಂತೂ ಬೆವರು ಒರೆಸಿಕೊಳ್ಳುತ್ತ ನಿಂಗಣ್ಣನ ಮುಂದೆ ನಿಂತೆ. ದೊಡ್ಡ ಕೊಡೆಯ ಕೆಳಗೆ ಕೂತಿದ್ದ ನರೆಗೂದಲಿನ ಮನುಷ್ಯ. ಗೆಂಡೆಹಳ್ಳಿ ಅಮ್ಮನ ಚಪ್ಪಲಿ ಎಂದೊಡನೆ ಅವನ ಮುಖ ಅರಳಿತು. “ಅಮ್ಮಾರು ಹೆಂಗವ್ರೆ? ಇಲ್ಲೇ ಐತೆ ನೋಡಿ” ಎಂದು ಗೂಟಕ್ಕೆ ನೇತುಹಾಕಿದ್ದ ಪೇಪರ್ ಪೊಟ್ಟಣ ತೋರಿಸಿದ. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ.

“ನೀವ್ಯಾರು?”

“ಅವರ ಸೊಸೆ.”

“ಯಾವೂರು?”

“ಇದೇ ಊರು! ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದ್ದೀನಿ.”

ನಿಂಗಣ್ಣ ನನ್ನನ್ನು ತಲೆಯಿಂದ ಕಾಲಿನವರೆಗೆ, ಹೆಚ್ಚಾಗಿ ಕಾಲನ್ನು, ನೋಡಿದ. “ಒಂದಿನಾನೂ ಕಂಡಿಲ್ವಲ್ಲ ಮೇಡಂ. ತಪ್ಪು ತಿಳ್ಕಾಬೇಡಿ, ಯಾರ್ಯಾರೋ ಬಂದು ಕೇಳಿದ್ರೆ ಕೊಡಾಕಾಯ್ತದಾ? ವಾರಸುದಾರ್ರೇ ಬರ್ಲಿ” ಎಂದ. ಜಗತ್ತಿನ ಅಷ್ಟೂ ಮಹಾನಗರಗಳಲ್ಲಿ ಪಾಸ್‌ಪೋರ್ಟಿಲ್ಲದೆ ತಿರುಗಿದವಳನ್ನು ಅರಸೀಕೆರೆಯ ಗಡಿಯಲ್ಲಿ ತಡೆದು ವಾಪಸ್ಸು ಕಳಿಸಿದರು. ಕೋಪ ಬಂತು, ಆದರೆ ತೋರಿಸಲು ಅಲ್ಲಿ ಪರಿಚಯದವರು ಒಬ್ಬರೂ ಇರಲಿಲ್ಲ.

ಮನೆಗೆ ಬಂದು ಹೇಳಿದರೆ ಅತ್ತೆಗೆ ಬೇಸರವಾಗಲಿಲ್ಲ, ಮುಖ ಊರಗಲವಾಯಿತು. “ಹಂಗನ್ಬೇಕು ಅವ್ನು!” ಎಂದರು. ಮರುದಿನ ಭಾನುವಾರ ಅತ್ತೆಗೆ ಆ ಹೊಸ ಜೊತೆಯನ್ನೇ ಮೆಟ್ಟಿಸಿ ಆಟೋದಲ್ಲಿ ಕರೆದುಕೊಂಡು ಹೊರಟೆ. ಯಜಮಾನರು, “ಯಾರೂ ಗುದ್ದದ ಹಾಗೆ ನೋಡ್ಕೊಳ್ಳೇ” ಎಂದು ಗೇಟಿನವರೆಗೂ ಹೇಳಿದರು. ಗುದ್ದುವುದಿರಲಿ, ಪೇಟೆ ತಾನಾಗಿ ದಾರಿ ಬಿಟ್ಟಿತು. ಇನ್ನೂರು ಹೆಜ್ಜೆಯ ಬೀದಿ ದಾಟಲು ಒಂದೂವರೆ ಗಂಟೆ ಹಿಡಿಯಿತು. ಪಾತ್ರೆ ಅಂಗಡಿಯವರು ಕುರ್ಚಿ ಹಾಕಿದರು, ಬಾಳೆಹಣ್ಣಿನವಳು ಎರಡು ಹಣ್ಣು ಕೈಗಿಟ್ಟಳು. ಅತ್ತೆ ಕೇಳಿದವರಿಗೂ ಕೇಳದವರಿಗೂ ಸೀರೆ ಒಂದು ಗೇಣು ಎತ್ತಿ ಮಂಡಿಯ ಗುರುತು ತೋರಿಸಿದರು. ನಾನು ಎರಡು ಚೀಲ ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ. ಥೇಟು ಆ ಕ್ಯಾಮೆರಾದವರ ಹಾಗೆ, ಬಾಯಿ ಬಿಡದೆ.

ನಿಂಗಣ್ಣ ಎದ್ದು ನಿಂತ. “ಎಲ್ಲೋಗಿದ್ರಿ ಅಮ್ಮಾರೇ? ನಿನ್ನೆ ತಂಕ ನಾನು... ಹೋಗ್ಬಿಟ್ರೇನೋ ಅಂದ್ಕಂಡಿದ್ದೆ.”

“ನಾಳೆ ಬತ್ತೀನಿ ಅಂತ ಹೇಳಿದ್ಮೇಲೆ ಹೆಂಗ್ಲಾ ಹೋಗಾಕಾಯ್ತದೆ?” ಎಂದರು ಅತ್ತೆ. ನಿಂಗಣ್ಣ ಗೂಟದಿಂದ ಪೊಟ್ಟಣ ಇಳಿಸಿ ಬಿಚ್ಚಿದ. ನನ್ನ ಕಣ್ಣು ಒದ್ದೆಯಾಯಿತು, ಧೂಳು ಎಂದು ಒರೆಸಿಕೊಂಡೆ. ಅತ್ತೆ ಅವನಿಗೂ ಮಂಡಿ ತೋರಿಸಿದರು. ಅವನು ಕನ್ನಡಕ ಏರಿಸಿ, ಕಸಬುದಾರನ ಕಣ್ಣಿನಲ್ಲಿ ಎರಡು ನಿಮಿಷ ಪರೀಕ್ಷಿಸಿ, “ಹೊಲಿಗೆ ಚೆನ್ನಾಗ್ ಹಾಕವ್ರೆ” ಎಂದು ಡಾಕ್ಟರನ್ನು ಪಾಸು ಮಾಡಿದ.

ಪಕ್ಕದಲ್ಲೇ ಹೂ ಕಟ್ಟುತ್ತಿದ್ದ ನಾಗಮ್ಮ ನನ್ನ ಕಡೆ ಗದ್ದ ತೋರಿಸಿ, “ಇವ್ರ್ಯಾರವ್ವ, ನೆಂಟ್ರಾ?” ಎಂದು ಕೇಳಿದಳು.

“ನಮ್ಮ ಸೊಸೆ ಕಣೆ. ಲೋಕದ ಪ್ಯಾಟೆಯೆಲ್ಲ ಗೊತ್ತು ಅವ್ಳಿಗೆ. ಇದೊಂದು ನೋಡಿರಲಿಲ್ಲ, ತೋರ್ಸುವ ಅಂತ ಕರ್ಕಂಡ್ ಬಂದೆ” ಎಂದರು ಅತ್ತೆ.

ಇಡೀ ಮೂಲೆ ನಕ್ಕಿತು. ನಾನೂ ನಗುತ್ತ ಎರಡು ಹೆಜ್ಜೆ ಹಿಂದೆ ಸರಿದೆ ನೋಡಿ, ಪಟ್ಟನೆ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು ಬಂತು. ನಿಂಗಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಗೋಂದು ಒಣಗಬೇಕು, ನಾಳೆ ಬನ್ನಿ ಎಂದ. “ಆಯ್ತು, ನಾಳೆ ಬರ್ತೀನಿ” ಎಂದೆ. ಹೇಳುವಾಗ ಯಾಕೋ ನಾಲ್ಕು ಜನರ ಎದುರು ಊರಿನವಳಾದೆ ಎಂದು ಹೆಮ್ಮೆಯಾಯಿತು. ಅತ್ತೆ ತಮ್ಮ ಹಳೆಯ ಜೊತೆ ಮೆಟ್ಟಿಕೊಂಡು ಟಕಟಕನೆ ಮುಂದೆ ನಡೆದರು. ಅವರು ಬಿಚ್ಚಿಟ್ಟ ಹತ್ತಿಯಂಥ ಚಪ್ಪಲಿಯಲ್ಲಿ ನನ್ನ ಅರ್ಧ ಪಾದ ತುರುಕಿಕೊಂಡು ಕುಂಟುತ್ತ ನಾನು ಹಿಂದೆ ನಡೆದೆ.

ಇದಾಗಿ ಇಂದಿಗೆ ಹದಿನೇಳು ದಿನ. ಅತ್ತೆಯ ಸುತ್ತು ಮತ್ತೆ ಶುರುವಾಗಿದೆ, ಮುದ್ದೆ ಒಂದೂವರೆಗೆ ಏರಿದೆ. ನಿನ್ನೆ ಸಂಜೆ ಅವರು ಚೀಲ ಹಿಡಿದು ಹೊರಟಾಗ ನಾನು ಸೋಫಾದ ಎಡತುದಿಯಿಂದಲೇ, “ಅತ್ತೆ, ಹೇಗೂ ಹೋಗ್ತಿದ್ದೀರಲ್ಲ, ನನ್ನ ಚಪ್ಪಲೀನೂ ಇಸ್ಕೊಂಡು ಬನ್ನಿ” ಎಂದೆ.

ಅತ್ತೆ ಬಾಗಿಲಲ್ಲಿ ನಿಂತು ತಿರುಗಿದರು. “ಕೇಳ್ದೆ ಕಣೆ ಮೊನ್ನೆ. ಕೊಡಾಕಿಲ್ಲ ಅಂದ. ವಾರಸುದಾರ್ರೇ ಬರ್ಬೇಕಂತೆ.”

ಟಕಟಕ ಸದ್ದು ಗೇಟು ದಾಟಿತು. ಟಿವಿಯಲ್ಲಿ ಇಸ್ತಾಂಬುಲ್ಲಿನ ಅಂಗಡಿಯವನು ಆಗಷ್ಟೇ ಟೀ ಬಗ್ಗಿಸುತ್ತಿದ್ದ. ಬೀದಿ ಇನ್ನೂ ಅರ್ಧ ಉಳಿದಿತ್ತು. ನಾಳೆ ಹೋಗುತ್ತೇನೆ.