ಬಿಳಿ ಪೈಪು

ಆ ಗುಳುಗುಳು ಸದ್ದು ನಿನ್ನೆಯೂ ಇತ್ತೇ? ಇಲ್ಲಾ, ನಾನೇ ಕೇಳಿಯೂ ಕೇಳದವನ ಹಾಗೆ ಇದ್ದುಬಿಟ್ಟೆನೇ? ಸಿರಿಲ್ ಹಾಸಿಗೆಯಲ್ಲೇ ಕಿವಿಗೊಟ್ಟು ಮಲಗಿದ. ಕೆಳಗೆ ಅಡುಗೆಮನೆಯಲ್ಲಿ ಬಾಯ್ಲರ್, ಬಾಯಿ ಮುಕ್ಕಳಿಸುವ ಮುದುಕನ ಹಾಗೆ ಎರಡು ಸಲ ಗುಳುಗುಳಿಸಿ ಸುಮ್ಮನಾಯಿತು. ಆಮೇಲಿನ ಮೌನ ಸದ್ದಿಗಿಂತ ಕೆಟ್ಟದಾಗಿತ್ತು. ಕೈ ಚಾಚಿ, ಬಾಯ್ಲರಿನ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಗೋಡೆಯ ರೇಡಿಯೇಟರ್ ಮುಟ್ಟಿದ. ಮೀನಿನ ಮೈಯ ಹಾಗೆ ತಣ್ಣಗಿತ್ತು.

ಹ್ಯಾಲಿಫ್ಯಾಕ್ಸಿನಲ್ಲಿ ಅಂದು ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿನ ಚಳಿ. ಮಧ್ಯಾಹ್ನ ಮೂರಕ್ಕೆ ಹೆಂಡತಿ ಮಾವಿಸ್ ಆಸ್ಪತ್ರೆಯಿಂದ ಬರುವವಳಿದ್ದಳು. ನ್ಯುಮೋನಿಯಾದಲ್ಲಿ ಹದಿನೆಂಟು ದಿನ ಮಲಗಿದ್ದಳು. "ಮನೆ ಬೆಚ್ಚಗಿರಬೇಕು. ಇನ್ನೊಂದು ಸಲ ಥಂಡಿ ಹಿಡಿದರೆ ಆ ಎದೆ ತಡೆಯಲ್ಲ" ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಎರಡನೆಯ ಸಲ ಸಿರಿಲನ ಮುಖವನ್ನೇ ನೋಡಿಕೊಂಡು.

ಹಳೆಯ ಬಾಯ್ಲರನ್ನು ಕೀಳಿಸಿ ಈ ಕಂಡೆನ್ಸಿಂಗ್ ಬಾಯ್ಲರ್ ಹಾಕಿಸಿದವನು ಅವನೇ. "ಹೊಗೇಲಿ ಹೋಗೋ ಶಾಖಾನೂ ಬಿಡಲ್ಲ ಮಾವಿಸ್, ಹಿಂಡಿ ಮನೆಗೇ ಕೊಡುತ್ತೆ. ಹಿಂಡಿದ ನೀರು ಒಂದು ಸಣ್ಣ ಪೈಪಲ್ಲಿ ಆಚೆ ತೊಟ್ಟಿಕ್ಕುತ್ತೆ, ಅಷ್ಟೆ."

"ಹಳೇದು ಮೂವತ್ತು ವರ್ಷದಲ್ಲಿ ಒಂದು ದಿನ ಕೈಕೊಟ್ಟಿಲ್ಲ," ಎಂದಿದ್ದಳು ಅವಳು. "ಇದು ಒಂದು ದಿನ ನಿಲ್ಲಲಿ, ಆಮೇಲೆ ಮಾತಾಡ್ತೀನಿ."

ಪಕ್ಕದ ಮನೆಯ ಡೆಸ್ಮಂಡ್ ಅಷ್ಟೂ ಕಾದಿರಲಿಲ್ಲ. 'ಮೂಗು ಸೋರೋ ಬಾಯ್ಲರ್' ಎಂದು ಹೆಸರಿಟ್ಟು ಬೀದಿಗೆಲ್ಲ ಹಂಚಿದ್ದ. "ನಂದು ಎರಕದ ಕಬ್ಬಿಣ ಕಣಯ್ಯಾ. ನನ್ನ ಹೆಣದ ಜೊತೆಗೇ ಅದೂ ಆಚೆ ಹೋಗೋದು."

ರಿಪೇರಿಯವನಿಗೆ ಫೋನ್ ಮಾಡಿದರೆ, "ಊರಿಗೂರೇ ನಿಂತುಹೋಗಿದೆ ಸಾರ್, ಗುರುವಾರ ನೋಡೋಣ" ಎಂದ. ಅಂದು ಸೋಮವಾರ. ಸಿರಿಲ್ ಬಾಯ್ಲರಿನ ಕೈಪಿಡಿ ತೆಗೆದ. ಹೊರಗಿನ ಪೈಪಿನಲ್ಲಿ ನೀರು ಹೆಪ್ಪುಗಟ್ಟಿದರೆ ಬಾಯ್ಲರ್ ನಿಲ್ಲುತ್ತದೆ, ಪೈಪಿನ ಮೇಲೆ ಬಿಸಿನೀರು ಸುರಿಯಿರಿ, ಕುದಿನೀರು ಬೇಡ ಎಂದಿತ್ತು. ಅವನು ಕೆಟಲಿನ ನೀರಿಗೆ ತಣ್ಣೀರು ಬೆರೆಸಿ, ಕೂಸಿನ ಸ್ನಾನಕ್ಕೆಂಬಂತೆ ಮೊಣಕೈ ಅದ್ದಿ ನೋಡಿ, ಹಿತ್ತಲಿಗೆ ಓಡಿದ.

ಎರಡು ಮನೆಗಳ ಅಡುಗೆಮನೆಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು, ಹಿತ್ತಲು ಒಂದೇ. ನಡುಗೋಡೆಯ ನೇರಕ್ಕೆ ಮಳೆನೀರಿನ ಕಪ್ಪು ಕೊಳವೆಗಳು. ಅವುಗಳ ಪಕ್ಕದಲ್ಲಿ ಒಂದೇ ಒಂದು ಬಿಳಿ ಪ್ಲಾಸ್ಟಿಕ್ ಪೈಪು. ಬಾಯ್ಲರ್ ಕೂರಿಸಿದ ಸಂಜೆ ಬಿಳಿ ಪೈಪು ನೋಡಿದ ನೆನಪು ಅವನಿಗಿತ್ತು. ಸುರಿದ.

ಪಕ್ಕದ ಕಿಟಕಿಯಲ್ಲಿ ಡೆಸ್ಮಂಡ್ ಕಾಣಿಸಿಕೊಂಡ. ಮನೆಯೊಳಗೇ ಓವರ್‌ಕೋಟು, ಟೋಪಿ, ಮಫ್ಲರು. ಇವತ್ತು ಮಾತ್ರ ಅವನ ಬಾಯಿಂದ ಒಂದೂ ಕುಹಕ ಬರಲಿಲ್ಲ. ಸುಮ್ಮನೆ ನೋಡುತ್ತಿದ್ದವನು ಕಿಟಕಿ ತೆರೆದು, "ಸುರಿ ಸಿರಿಲ್, ಸುರಿ. ಬಿಡಬೇಡ," ಎಂದ. ಇದೇನು, ಇವನಿಗೂ ಕರುಳಿದೆಯೇ ಎಂದುಕೊಂಡು ಸಿರಿಲ್ ಮತ್ತೆ ಸುರಿದ.

ಹಿಂದಿನ ಓಣಿಯಾಚೆಯ ಮಹಡಿಯಿಂದ ಗ್ಲೆನಿಸ್ ಕೂಗಿದಳು. "ಅಯ್ಯೋ, ಹಾಗಲ್ಲಪ್ಪಾ! ಬಿಸಿನೀರಿನ ಚೀಲ ಕಟ್ಟು! ನಮ್ಮ ಅಳಿಯ ಹಾಗೇ ಮಾಡಿದ್ದು!"

"ನಡೀತಾ?"

"ಇಲ್ಲ, ಚೀಲ ಒಡೀತು. ಆದರೂ ಕಟ್ಟು!"

ಮಾವಿಸಳ ಗುಲಾಬಿ ಬಣ್ಣದ ಬಿಸಿನೀರಿನ ಚೀಲವನ್ನು ಅವಳದೇ ಶಾಲಿನಲ್ಲಿ ಪೈಪಿಗೆ ಕಟ್ಟಿದ. ಈಗ ಆ ಪೈಪು ಜ್ವರ ಬಂದ ಹುಡುಗಿಯಂತೆ ಕಂಡಿತು. ನಾಲ್ಕನೆಯ ಕೆಟಲ್ ಹೊತ್ತಿಗೆ ಚೆಲ್ಲಿದ ನೀರೆಲ್ಲ ನೆಲದ ಮೇಲೆ ಗಾಜಾಗಿತ್ತು. ಐದನೆಯದಕ್ಕೆ ಸಿರಿಲ್ ಜಾರಿ, ಕೂತ ಭಂಗಿಯಲ್ಲೇ ಗೇಟಿನ ತನಕ ಹೋದ. ಆರನೆಯ ಕೆಟಲನ್ನು ಡೆಸ್ಮಂಡನೇ ತಂದುಕೊಟ್ಟ.

ಹನ್ನೊಂದರ ಸುಮಾರಿಗೆ ಪೈಪಿನ ಬಾಯಿಂದ ಮಂಜಿನ ಕಡ್ಡಿಯೊಂದು ಕಳಚಿ ಬಿತ್ತು. ನೀರು ತೊಟ್ಟಿಕ್ಕತೊಡಗಿತು. "ಆವಿ ಬಂತು! ಗೋಡೆಯಿಂದ ಆವಿ ಬಂತು, ಬಾಯ್ಲರ್ ಹೊತ್ತಿತು!" ಎಂದು ಗ್ಲೆನಿಸ್ ಚಪ್ಪಾಳೆ ತಟ್ಟಿದಳು. ಸಿರಿಲ್ ಒಳಗೆ ಓಡಿದ. ಬಾಯ್ಲರ್ ಹೆಣದಂತೆ ನಿಂತಿತ್ತು. ಗುಂಡಿ ಒತ್ತಿದ. ಗುಳುಗುಳು. ಮೌನ. ಪೈಪು ಕರಗಿದೆ, ನೀರು ಸುರಿಯುತ್ತಿದೆ, ಆದರೂ ಏಕೆ? ಕೈಪಿಡಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹನ್ನೆರಡಾಯಿತು, ಎರಡಾಯಿತು. ಅವನು ಅದೇ ಪೈಪಿಗೆ ಸುರಿಯುತ್ತಲೇ ಇದ್ದ. ಡೆಸ್ಮಂಡ್ ಬರೀ ಅಂಗಿಯಲ್ಲಿ, ತೋಳು ಮಡಚಿಕೊಂಡು ಬಾಗಿಲಿಗೆ ಬಂದ.

"ಏನಯ್ಯಾ, ಇನ್ನೂ ಮೂಗು ಒರೆಸ್ತಾ ಇದೀಯಾ ಅದಕ್ಕೆ?" ಅವನ ನಾಲಿಗೆ ಮಾಮೂಲಿಗೆ ಮರಳಿತ್ತು.

ಮೂರಕ್ಕೆ ಸರಿಯಾಗಿ ಆಸ್ಪತ್ರೆಯ ಗಾಡಿ ಬಂತು. ಮಾವಿಸ್ ಹೊಸ್ತಿಲು ದಾಟಿ ಉಸಿರು ಬಿಟ್ಟಳು. ಉಸಿರು ಬೆಳ್ಳಗೆ ಕಾಣಿಸಿತು. ಆಮೇಲೆ ಕೆಮ್ಮಿದಳು. ಸಿರಿಲನಿಗೆ ಆ ಕೆಮ್ಮು ತನ್ನ ಎದೆಯಲ್ಲೇ ಎದ್ದ ಹಾಗಾಯಿತು. "ಪೈಪಿಗೆ ಬಿಸಿನೀರು ಸುರಿದೆ, ಆದರೂ ಹೊತ್ತಲಿಲ್ಲ," ಎಂದ.

"ಬಾಮ್ಮ ಮಾವಿಸ್, ನಮ್ಮನೇಲಿ ಕೂತ್ಕೋ," ಎಂದು ಡೆಸ್ಮಂಡ್ ತೋಳು ಹಿಡಿದು ಕರೆದೊಯ್ದ. ಅವನ ಮನೆ ಒಲೆಯ ಮೇಲಿನ ರೊಟ್ಟಿಯ ಹಾಗೆ ಬೆಚ್ಚಗಿತ್ತು. ಮುಂದಿನ ಕೋಣೆಯಲ್ಲಿ ಅವಳನ್ನು ಕೂರಿಸಿ ಇಬ್ಬರೂ ಚಹಾ ಮಾಡಲು ಅಡುಗೆಮನೆಗೆ ಬಂದರು. ಸಿರಿಲ್ ಸಕ್ಕರೆಗೆಂದು ಎತ್ತರದ ಕಪಾಟಿಗೆ ಕೈ ಹಾಕಿದ.

"ಅದಲ್ಲ, ಈ ಕಡೇದು..." ಎನ್ನುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಒಳಗೆ ಹೊಚ್ಚ ಹೊಸ ಬಿಳಿ ಬಾಯ್ಲರ್, ಹಸಿರು ದೀಪ ಹೊತ್ತಿಸಿಕೊಂಡು ಮೆಲ್ಲಗೆ ಗುನುಗುತ್ತಿತ್ತು. ಸಿರಿಲನ ಬಾಯ್ಲರಿನ ಕಂಪನಿಯದೇ. ಅದರ ಬುಡದಿಂದ ಬಿಳಿ ಪೈಪೊಂದು ಗೋಡೆ ತೂರಿ ಹಿತ್ತಲಿಗೆ ಹೋಗಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಡೆಸ್ಮಂಡ್ ಕೈ ಚಾಚಿ ಕಪಾಟಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದ.

"ಸಿರಿಲ್!" ಮುಂದಿನ ಕೋಣೆಯಿಂದ ಮಾವಿಸ್. "ಪೈಪಿಗೆ ಬಿಸಿನೀರು ಸುರಿದೆ ಅಂದೆಯಲ್ಲ, ನನ್ನ ಬಣ್ಣ ಹೋಗಿಲ್ಲ ತಾನೆ?"

"ಯಾವ ಬಣ್ಣ?"

"ಬಿಳೀದು ಅಸಹ್ಯವಾಗಿ ಕಾಣುತ್ತೆ ಅಂತ ಮೇ ತಿಂಗಳಲ್ಲಿ ಕಪ್ಪು ಬಳಿದೆನಲ್ಲ, ಮಳೆನೀರಿನ ಕೊಳವೆಗೆ ಹೊಂದೋ ಹಾಗೆ? ನಿನಗೆ ಹೇಳಿದ್ದೆ. ಪೇಪರ್ ಓದ್ತಾ ಹ್ಞೂಂ ಅಂದೆ."

ಹಾಗಾದರೆ ಆ ಕಪ್ಪು ಕೊಳವೆಗಳಲ್ಲೊಂದು ಸಿರಿಲನ ಪೈಪು, ಬೆಳಗ್ಗಿಂದ ಅವನು ಕರಗಿಸಿದ ಬಿಳಿಯದು ಡೆಸ್ಮಂಡನದು. "ಇಲ್ಲ. ಬಣ್ಣಕ್ಕೇನೂ ಆಗಿಲ್ಲ," ಎಂದ ಸಿರಿಲ್.

"ನಾನೊಂದು ಸಲ ನೋಡಿ ಬರ್ತೀನಿ ಮಾವಿಸ್," ಎಂದು ಡೆಸ್ಮಂಡ್ ಕೆಟಲ್ ಎತ್ತಿಕೊಂಡು ಹಿತ್ತಿಲ ಬಾಗಿಲಿಂದ ಜಾರಿಕೊಂಡ. ಹತ್ತು ನಿಮಿಷದಲ್ಲಿ ಪಕ್ಕದ ಮನೆಯ ಬಾಯ್ಲರ್ ಭುಸ್ಸೆಂದದ್ದು ಗೋಡೆಯ ಮೂಲಕ ಕೇಳಿಸಿತು. ಅವನು ಕೈ ಒರೆಸಿಕೊಳ್ಳುತ್ತ ಬಂದ. "ಏನಿಲ್ಲ. ಒಂದು ಏಟು ಕೊಟ್ಟೆ."

"ಕೈಗುಣ ಅಂದರೆ ಇದು!" ಎಂದಳು ಮಾವಿಸ್. ಅವಳ ಕೆನ್ನೆಗೆ ಬಣ್ಣ ಬಂದಿತ್ತು, ಕೆಮ್ಮು ನಿಂತಿತ್ತು. "ಬೆಳಗ್ಗಿಂದ ಇವನು ಏನು ಮಾಡ್ತಿದ್ದನೋ! ನೋಡು ಸಿರಿಲ್, ಬೇಸಿಗೆ ಬರಲಿ, ಆ ದರಿದ್ರದ್ದನ್ನ ಕೀಳಿಸಿ ಡೆಸ್ಮಂಡ್ ಮನೇಲಿರೋ ಅಂಥದ್ದನ್ನೇ ಹಾಕಿಸೋಣ."

ಡೆಸ್ಮಂಡ್ ಚಹಾದ ಬಟ್ಟಲಿನೊಳಗೆ ಏನೋ ಕಳೆದುಕೊಂಡವನಂತೆ ಹುಡುಕುತ್ತಿದ್ದ.

"ಆಗಲಿ," ಎಂದ ಸಿರಿಲ್.

ಡೆಸ್ಮಂಡನ ಮನೆಯಲ್ಲಿರುವುದೂ ಅದೇ ಬಾಯ್ಲರ್ ಎಂದು ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.